ಮೀಟರ್ ಕಡಿಮೆ ತೋರಿಸ್ತಿದೆ ಅಂತ ರೇಡಿಯೊ ಮುಚ್ಚಳ ತೆಗೆಯಬೇಡಿ

ನಿಮ್ಮ ರಿಗ್, ಅಂದರೆ ಹ್ಯಾಮ್ ರೇಡಿಯೊ ಸೆಟ್, 28 ಮೆಗಾಹರ್ಟ್ಸ್‌ನಲ್ಲಿ ಕಡಿಮೆ ಪವರ್ ಕೊಡ್ತಿದೆ ಅಂತ ಮೀಟರ್ ಹೇಳುತ್ತಿದೆಯಾ? ಸ್ಕ್ರೂಡ್ರೈವರ್ ಕೆಳಗಿಡಿ. ಮೊದಲು ಇದನ್ನು ಓದಿ. ಚೆನ್ನಾಗಿ ಕೆಲಸ ಮಾಡುತ್ತಿದ್ದ ಒಂದು ರೇಡಿಯೊದ ಎರಡೂ ಫೈನಲ್, ಅಂದರೆ ಕೊನೆಯ ಹಂತದಲ್ಲಿ ಪವರ್ ಹೆಚ್ಚಿಸುವ, ಟ್ರಾನ್ಸಿಸ್ಟರ್‌ಗಳನ್ನು ನಾನು ಕೈಯಾರೆ ಸುಟ್ಟಿದ್ದೇನೆ. ರೇಡಿಯೊದಲ್ಲಿ ಏನೂ ದೋಷ ಇರಲಿಲ್ಲ. ನಾನು ಅಳೆದ ರೀತಿಯಲ್ಲೇ ತಪ್ಪಿತ್ತು. ಆ ತಪ್ಪು ಎಷ್ಟು ಸಲೀಸಾಗಿ ಆಗುತ್ತೆ ಅಂದರೆ, ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಈಗಲೇ ಅದರ ಅರ್ಧ ದಾರಿಯಲ್ಲಿರಬಹುದು.

ಅದು 100 ವ್ಯಾಟ್‌ನ ಹಳೆಯ ಎಚ್ಎಫ್ (ಶಾರ್ಟ್‌ವೇವ್) ರಿಗ್, ಇನ್ನೊಬ್ಬರಿಂದ ಕೊಂಡಿದ್ದು. ಮನೆಗೆ ತಂದ ಮೇಲೆ ಆಂಟೆನಾ ಬದಲು ಪವರ್ ನುಂಗುವ 50 ಓಮ್‌ನ ಡಮ್ಮಿ ಲೋಡ್ ಹಾಕಿ, ನಡುವೆ ಎರಡು ಮುಳ್ಳಿನ ಪವರ್ ಮೀಟರ್ ಸಿಕ್ಕಿಸಿ, ಒಂದೊಂದೇ ಬ್ಯಾಂಡ್‌ನಲ್ಲಿ ಕೀ ಒತ್ತಿ ನೋಡಿದೆ. 7 ಮೆಗಾಹರ್ಟ್ಸ್‌ನಲ್ಲಿ 95 ವ್ಯಾಟ್. 14ರಲ್ಲಿ 90. 28ಕ್ಕೆ ಬಂದಾಗ ಮುಳ್ಳು 68ಕ್ಕೆ ನಿಂತುಬಿಟ್ಟಿತು. ಹತ್ತು ಸಲ ಒತ್ತಿದರೂ 68.

ಒಂದೇ ಮೀಟರ್ ನಂಬಬಾರದು ಅಂತ ನನಗೂ ಗೊತ್ತಿತ್ತು. ಅದಕ್ಕೇ ವೋಲ್ಟೇಜ್ ಅಲೆಯನ್ನು ಪರದೆ ಮೇಲೆ ತೋರಿಸುವ ಸ್ಕೋಪ್ ತೆಗೆದೆ. 50 ಮೆಗಾಹರ್ಟ್ಸ್ ಸ್ಕೋಪ್, ವೋಲ್ಟೇಜನ್ನು ಹತ್ತರಲ್ಲಿ ಒಂದಕ್ಕೆ ಇಳಿಸುವ ಪ್ರೋಬ್. ಡಮ್ಮಿ ಲೋಡ್ ಬಾಯಿಗೆ ಒಂದು ಟಿ ಕನೆಕ್ಟರ್ ಹಾಕಿ ಅಲ್ಲಿಂದ ಅಳೆದೆ. ಮೇಲಿನ ತುದಿಯಿಂದ ಕೆಳಗಿನ ತುದಿಗೆ 167 ವೋಲ್ಟ್ ಬಂತು. ಅದರ ಅರ್ಧ 83.5. ಅದನ್ನು 1.414ರಿಂದ ಭಾಗಿಸಿದರೆ 59 ವೋಲ್ಟ್. 59ರ ವರ್ಗವನ್ನು 50 ಓಮ್‌ನಿಂದ ಭಾಗಿಸಿದರೆ ಹತ್ತಿರ ಹತ್ತಿರ 70 ವ್ಯಾಟ್. ಮೀಟರ್ 68 ಹೇಳಿತು, ಸ್ಕೋಪ್ 70 ಹೇಳಿತು. ಬೇರೆ ಬೇರೆ ಜಾತಿಯ ಎರಡು ಸಾಕ್ಷಿಗಳು ಒಂದೇ ಮಾತು ಹೇಳಿದ ಮೇಲೆ ಇನ್ನೇನು ಬೇಕು ಅಂತ ಅನ್ನಿಸಿತು. ರಿಗ್‌ದೇ ತೊಂದರೆ ಅಂತ ತೀರ್ಮಾನ ಮಾಡಿದೆ.

ಸರ್ವಿಸ್ ಮ್ಯಾನುಯಲ್ ಇತ್ತು. ಮೇಲಿನ ಬ್ಯಾಂಡ್‌ಗಳ ಪವರ್ ಮಿತಿ ಹೊಂದಿಸುವ ಪುಟ್ಟ ಟ್ರಿಮ್ಮರ್ ಎಲ್ಲಿದೆ ಅಂತ ಅದರಲ್ಲಿ ಚಿತ್ರ ಸಮೇತ ತೋರಿಸಿದ್ದರು. ಅದೇ ಪುಟದ ಮೊದಲ ಸಾಲಿನಲ್ಲಿ ಈ ಕೆಲಸಕ್ಕೆ ಕ್ಯಾಲಿಬ್ರೇಟ್ ಮಾಡಿದ ವ್ಯಾಟ್ ಮೀಟರ್ ಬೇಕು ಅಂತಲೂ ಬರೆದಿತ್ತು. ಅದನ್ನು ಓದಿದೆ, ದಾಟಿ ಮುಂದೆ ಹೋದೆ. ಒಂದು ಕೆಲಸ ಮಾತ್ರ ಸರಿಯಾಗಿ ಮಾಡಿದ್ದೆ. ತಿರುಗಿಸುವ ಮೊದಲು ಟ್ರಿಮ್ಮರ್ ಎಲ್ಲಿತ್ತೋ ಅಲ್ಲಿ ಮಾರ್ಕರ್ ಪೆನ್ನಿನಿಂದ ಸಣ್ಣ ಗೆರೆ ಹಾಕಿದ್ದೆ. ಆಮೇಲೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಮುಳ್ಳನ್ನು 95ಕ್ಕೆ ತಂದೆ. ಮುಚ್ಚಳ ಹಾಕಿದೆ.

ಆ ಸಂಜೆ ಎಫ್‌ಟಿ8ನಲ್ಲಿ ಕೂತೆ. ಎಫ್‌ಟಿ8 ಅಂದರೆ ಕಂಪ್ಯೂಟರ್ ಮೂಲಕ ಪುಟ್ಟ ಸಂದೇಶ ಕಳಿಸುವ ವಿಧಾನ, ಪ್ರತಿ ಸರದಿಯಲ್ಲೂ 12.64 ಸೆಕೆಂಡ್ ಪೂರ್ತಿ ಪವರ್, ಮಧ್ಯೆ ಉಸಿರು ಬಿಡೋಕೆ ಜಾಗ ಇಲ್ಲ. ಹದಿನೈದು ಇಪ್ಪತ್ತು ನಿಮಿಷ ಆಗಿರಬೇಕು. ಫ್ಯಾನ್ ಜೋರಾಗಿ ಓಡುತ್ತಲೇ ಇತ್ತು. ಒಂದು ಸರದಿಯ ನಡುವೆ ಮುಳ್ಳು ದೊಪ್ಪನೆ ಸೊನ್ನೆಗೆ ಬಿತ್ತು, ಪವರ್ ಸಪ್ಲೈ ಟಪ್ ಅಂತ ತನ್ನಷ್ಟಕ್ಕೆ ಕಟ್ ಆಯಿತು. ಮುಚ್ಚಳ ತೆಗೆದಾಗ ಬಂದ ಆ ಸುಟ್ಟ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಮರೆಯೋಕೆ ಆಗಲ್ಲ.

ಹೊಸ ಜೋಡಿ ಟ್ರಾನ್ಸಿಸ್ಟರ್ ಹಾಕಿ, ಟ್ರಿಮ್ಮರ್ ಅನ್ನು ಹಳೆಯ ಗೆರೆಗೆ ತಂದು, ಅಳತೆ ಉಪಕರಣಗಳ ಜೊತೆಗೇ ಕೆಲಸ ಮಾಡುವ ಗೆಳೆಯರೊಬ್ಬರ ಹತ್ತಿರ ಹೋದೆ. ನನ್ನ ಮೀಟರ್ ಕೂಡ ಒಯ್ದಿದ್ದೆ. ಅವರ ಹತ್ತಿರ ಶಾಖದಿಂದ ಪವರ್ ಅಳೆಯುವ ಥರ್ಮೋಕಪಲ್ ಸೆನ್ಸರ್ ಇರುವ ಲ್ಯಾಬ್ ಪವರ್ ಮೀಟರ್, ಅದರ ಮುಂದೆ ಪವರ್ ತಗ್ಗಿಸುವ 40 ಡೆಸಿಬೆಲ್‌ನ ಅಟೆನ್ಯುಯೇಟರ್. 28 ಮೆಗಾಹರ್ಟ್ಸ್‌ನಲ್ಲಿ ಕೀ ಒತ್ತಿದೆವು. ನನ್ನ ಮೀಟರ್‌ನಲ್ಲಿ ಅದೇ 68. ಅವರದ್ದರಲ್ಲಿ 92 ವ್ಯಾಟ್.

92. ರಿಗ್ ಮೊದಲ ದಿನದಿಂದಲೂ ಸರಿಯಾಗಿಯೇ ಇತ್ತು. ನಾನು ಮುಳ್ಳನ್ನು 95ಕ್ಕೆ ತಂದಾಗ ನಿಜವಾಗಿ ಹೊರಗೆ ಹೋಗುತ್ತಿದ್ದದ್ದು 125ರ ಆಸುಪಾಸು.

ಹಾಗಾದರೆ ಮೀಟರ್ ಕೆಟ್ಟಿತ್ತಾ? ಇಲ್ಲ. ನನಗೆ ಅತಿ ಹೆಚ್ಚು ನೋವಾಗಿದ್ದು ಇಲ್ಲೇ. ಅದರ ಕೈಪಿಡಿಯಲ್ಲಿ ನಿಖರತೆ ಅಂತ ಬರೆದದ್ದು ಪೂರ್ತಿ ಸ್ಕೇಲ್‌ನ 10 ಪರ್ಸೆಂಟ್. ಓದಿದ ಸಂಖ್ಯೆಯ 10 ಪರ್ಸೆಂಟ್ ಅಲ್ಲ, ಸ್ಕೇಲ್‌ನ 10 ಪರ್ಸೆಂಟ್. ನಾನು ಬಳಸಿದ್ದು 300 ವ್ಯಾಟ್ ಸ್ಕೇಲ್. ಅಂದರೆ ಮುಳ್ಳು ಎಲ್ಲೇ ನಿಂತರೂ ಆಚೆಗೆ 30, ಈಚೆಗೆ 30 ವ್ಯಾಟ್ ವ್ಯತ್ಯಾಸ ಇರಬಹುದು. 68 ಅಂತ ತೋರಿಸಿದರೆ ನಿಜವಾದದ್ದು 38ರಿಂದ 98ರ ಒಳಗೆ ಎಲ್ಲಿ ಬೇಕಾದರೂ ಇರಬಹುದು. ಮೀಟರ್ ತನ್ನ ಮಾತು ಉಳಿಸಿಕೊಂಡಿತ್ತು, ನಾನೇ ಆ ಮಾತನ್ನು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ಇದು ಕಡಿಮೆ ಬೆಲೆಯ ಮೀಟರ್‌ಗಳ ಕಥೆ ಮಾತ್ರ ಅಲ್ಲ. ಎಲ್ಲರೂ ಗೌರವ ಕೊಡುವ ಬರ್ಡ್ 43 ವ್ಯಾಟ್ ಮೀಟರ್ ಕೂಡ ಪೂರ್ತಿ ಸ್ಕೇಲ್‌ನ 5 ಪರ್ಸೆಂಟ್ ಲೆಕ್ಕದ್ದೇ. ಅದಕ್ಕೆ 100 ವ್ಯಾಟ್ ಎಲಿಮೆಂಟ್ (ರೇಂಜ್ ನಿರ್ಧರಿಸುವ ತುಂಡು) ಹಾಕಿ 10 ವ್ಯಾಟ್ ಓದಿದರೆ, ಅದು 5 ಇರಬಹುದು, 15 ಇರಬಹುದು. ಆದ್ದರಿಂದ ಮುಳ್ಳು ಸ್ಕೇಲ್‌ನ ಮೇಲಿನ ಭಾಗದಲ್ಲಿ ನಿಲ್ಲುವ ಹಾಗೆ ರೇಂಜ್ ಆರಿಸಿಕೊಳ್ಳಿ. ನಿಮ್ಮ ಮೀಟರ್‌ನಲ್ಲಿ ಅಂಥ ರೇಂಜ್ ಇಲ್ಲ ಅಂದರೆ ಆ ಅಳತೆಗೆ ಅದು ಸಲ್ಲುವುದಿಲ್ಲ, ಅಷ್ಟೇ.

ಸ್ಕೋಪ್ ವಿಷಯ ಬೇರೆ. 50 ಮೆಗಾಹರ್ಟ್ಸ್ ಸ್ಕೋಪ್ ಅಂದರೆ 50ರ ತನಕ ಸರಿಯಾಗಿ ತೋರಿಸುತ್ತೆ ಅಂತ ನಾನು ತುಂಬ ವರ್ಷ ಅಂದುಕೊಂಡಿದ್ದೆ. ತಪ್ಪು. ಆ ಸಂಖ್ಯೆ ಇರುವುದೇ 3 ಡೆಸಿಬೆಲ್ ಕೆಳಗೆ ಬೀಳುವ ಜಾಗದಲ್ಲಿ, ಅಂದರೆ 50 ಮೆಗಾಹರ್ಟ್ಸ್‌ನಲ್ಲಿ 100 ವೋಲ್ಟ್ ಕೊಟ್ಟರೆ ಅದು 70.7 ಅಂತ ತೋರಿಸುತ್ತೆ, ಅದನ್ನು ಪವರ್‌ಗೆ ತಿರುಗಿಸಿದರೆ ನೇರವಾಗಿ ಅರ್ಧ. 28ರಲ್ಲೂ ಆ ಇಳಿಜಾರು ಶುರುವಾಗಿ ಬಹಳ ದೂರ ಬಂದಿರುತ್ತೆ. 92 ವ್ಯಾಟ್‌ಗೆ 192 ವೋಲ್ಟ್ ಕಾಣಬೇಕಿತ್ತು, ನನ್ನ ಸ್ಕೋಪ್ 167 ತೋರಿಸಿತು. ವೋಲ್ಟೇಜ್‌ನಲ್ಲಿ 13 ಪರ್ಸೆಂಟ್ ಕೊರತೆ, ಅದನ್ನು ವರ್ಗ ಮಾಡಿದ ಕೂಡಲೇ ಪವರ್‌ನಲ್ಲಿ 24 ಪರ್ಸೆಂಟ್. ಸ್ಕೋಪ್‌ನಿಂದ ಪವರ್ ಅಳೆಯುವವರು ಇದನ್ನು ಮನಸ್ಸಲ್ಲಿಟ್ಟುಕೊಳ್ಳಿ: ವೋಲ್ಟೇಜ್‌ನಲ್ಲಿ ಆಗುವ ಸಣ್ಣ ತಪ್ಪು ಪವರ್‌ನಲ್ಲಿ ಹೆಚ್ಚುಕಡಿಮೆ ಎರಡರಷ್ಟಾಗುತ್ತೆ. ಅಳೆಯುವ ಫ್ರೀಕ್ವೆನ್ಸಿಯ ಐದು ಪಟ್ಟು ಬ್ಯಾಂಡ್‌ವಿಡ್ತ್ ಇಲ್ಲದೆ ನಂಬಬೇಡಿ. ಪ್ರೋಬ್ ಮೇಲೆ ಬರೆದಿರುವ ವೋಲ್ಟೇಜ್ ಮಿತಿಯನ್ನೂ ನಂಬಬೇಡಿ, ಫ್ರೀಕ್ವೆನ್ಸಿ ಏರಿದಂತೆ ಅದು ಇಳಿಯುತ್ತಾ ಹೋಗುತ್ತೆ. 50 ಓಮ್ ಮೇಲೆ 100 ವ್ಯಾಟ್ ಅಂದರೆ ತುದಿಯಿಂದ ತುದಿಗೆ 200 ವೋಲ್ಟ್, ಅದು ಆಟದ ಸಾಮಾನಲ್ಲ.

ಹೀಗೆ ಎರಡು ಉಪಕರಣಗಳು ಬೇರೆ ಬೇರೆ ಕಾರಣಕ್ಕೆ ಒಂದೇ ಕಡೆಗೆ ವಾಲಿದ್ದವು. 68 ಮತ್ತು 70 ಹೊಂದಿದ್ದು ಬರೀ ಕಾಕತಾಳೀಯ.

ನಿಜ ಹೇಳುತ್ತಿದ್ದ ಮೂರನೆಯ ಸಾಕ್ಷಿ ಕಣ್ಣೆದುರಿಗೇ ಇತ್ತು. ಪವರ್ ಸಪ್ಲೈ ಮೇಲಿನ ಆಂಪ್ ಮೀಟರ್. ಟ್ರಿಮ್ಮರ್ ಮುಟ್ಟುವ ಮೊದಲು 28ರಲ್ಲಿ ಅದು 19 ಆಂಪ್ ತೋರಿಸುತ್ತಿತ್ತು, 7ರಲ್ಲೂ ಹೆಚ್ಚುಕಡಿಮೆ ಅಷ್ಟೇ. ನಾನು ತಿರುಗಿಸಿದ ಮೇಲೆ 25. 13.8 ವೋಲ್ಟ್‌ಗೆ ಗುಣಿಸಿದರೆ ಒಳಗೆ ಹೋಗುತ್ತಿದ್ದದ್ದು 345 ವ್ಯಾಟ್, ಮೊದಲು 262 ಇತ್ತು. ಹೊರಗೆ ಬರದೆ ಉಳಿದದ್ದೆಲ್ಲ ಒಳಗೇ ಶಾಖ ಆಗಲೇಬೇಕು ಅಲ್ವಾ? 100 ವ್ಯಾಟ್‌ನ ರಿಗ್ ತನ್ನ ಕೈಪಿಡಿಯ ಮಿತಿಗಿಂತ ಜಾಸ್ತಿ ಕರೆಂಟ್ ಎಳೆಯುತ್ತಿದೆ ಅಂದರೆ, ಮುಳ್ಳು ಏನೇ ಹೇಳಲಿ, ಅಲ್ಲಿಗೇ ಕೈ ತೆಗೆಯಿರಿ.

ಇಷ್ಟೆಲ್ಲ ಮಾಡಿದ್ದು ಎಷ್ಟಕ್ಕೆ? 68ರಿಂದ 95ಕ್ಕೆ ಏರಿಸಿದರೆ ಒಂದೂವರೆ ಡೆಸಿಬೆಲ್ ಕೂಡ ಪೂರ್ತಿ ಆಗಲ್ಲ. ರಿಸೀವರ್‌ನ ಸಿಗ್ನಲ್ ಮೀಟರ್‌ನಲ್ಲಿ ಒಂದು ಎಸ್ ಯೂನಿಟ್, ಅಂದರೆ ಒಂದು ಹಂತ, ಏರಬೇಕಾದರೆ 6 ಡೆಸಿಬೆಲ್ ಬೇಕು. ಆ ಕಡೆ ಕೇಳುವವರಿಗೆ ಇದು ಗೊತ್ತೇ ಆಗುವುದಿಲ್ಲ. ರಿಗ್ ನಿಜವಾಗಿಯೇ 68 ವ್ಯಾಟ್ ಕೊಡುತ್ತಿದ್ದರೂ ನಾನು ಸುಮ್ನೆ ಬಿಟ್ಟಿದ್ದರೆ ಏನೂ ನಷ್ಟ ಇರಲಿಲ್ಲ.

ಆಮೇಲೆ ಬೇರೆ ಹ್ಯಾಮ್‌ಗಳ ಜೊತೆ ಮಾತಾಡಿದಾಗ ಇಂಥದ್ದೇ ಬೇರೆ ಹೊಂಡಗಳೂ ಕಂಡವು. ಜಾಸ್ತಿ ಜನ ಬೀಳುವುದು ದನಿ ಕಳಿಸುವ ವಿಧಾನವಾದ ಎಸ್‌ಎಸ್‌ಬಿಯಲ್ಲಿ. ಮಾತಾಡುವಾಗ ಮುಳ್ಳು 25, 30ರ ಹತ್ತಿರ ಕುಣಿಯುತ್ತೆ, 100 ವ್ಯಾಟ್ ಎಲ್ಲಿ ಹೋಯಿತು ಅಂತ ಮೈಕ್ ಗೇನ್ ಏರಿಸುತ್ತಾರೆ, ಸಿಗ್ನಲ್ ಅಕ್ಕಪಕ್ಕಕ್ಕೆಲ್ಲ ಚೆಲ್ಲುತ್ತೆ. ಸಾದಾ ಮೀಟರ್ ತೋರಿಸುವುದು ಸರಾಸರಿ, ರಿಗ್‌ನ 100 ಅನ್ನುವುದು ಮಾತಿನ ಶಿಖರದ ಪವರ್, ಅಂದರೆ ಪಿಇಪಿ. ಎರಡು ಸಮನಾದ ಟೋನ್ ಕೊಟ್ಟು 100 ವ್ಯಾಟ್ ಪಿಇಪಿಗೆ ನಿಲ್ಲಿಸಿದರೂ ನಿಜವಾದ ಸರಾಸರಿ 50 ಮಾತ್ರ, ಸಾದಾ ಡಯೋಡ್ ಮೀಟರ್ ಅದನ್ನೂ ಸುಮಾರು 40 ಅಂತ ತೋರಿಸುತ್ತೆ. ಪವರ್ ಅಳೆಯಬೇಕಾದರೆ ಕೀ ಒತ್ತಿ, ಒಂದೇ ಸಮನಾಗಿ ನಿಲ್ಲುವ ಕ್ಯಾರಿಯರ್ ಮೇಲೆ ಅಳೆಯಿರಿ.

ಆಂಟೆನಾ ಮೇಲೂ ಅಳೆಯಬೇಡಿ. ಡಮ್ಮಿ ಲೋಡ್ ಬಳಸಿ. ಆದರೆ ಮಲ್ಟಿಮೀಟರ್‌ನಲ್ಲಿ 50 ಓಮ್ ಬಂತು ಅಂದ ಮಾತ್ರಕ್ಕೆ ಅದು ರೇಡಿಯೊ ಫ್ರೀಕ್ವೆನ್ಸಿಗೂ 50 ಓಮ್ ಅಂತ ಅಲ್ಲ. ವೈರ್ ಸುತ್ತಿದ ರೆಸಿಸ್ಟರ್ ಒಂದು ಕಾಯಿಲ್ ಕೂಡ ಹೌದು. ಅದರಲ್ಲಿ ಅರ್ಧ ಮೈಕ್ರೋಹೆನ್ರಿ ಇದ್ದರೆ ಸಾಕು, 28 ಮೆಗಾಹರ್ಟ್ಸ್‌ನಲ್ಲಿ ಅದೊಂದೇ 88 ಓಮ್ ಆಗುತ್ತೆ.

ಅಟೆನ್ಯುಯೇಟರ್ ಬಳಸುವವರಿಗೂ ಒಂದು ಮಾತು. ಗೆಳೆಯರ ಹತ್ತಿರ ನಾನು ಅದನ್ನು ಉಲ್ಟಾ ಹಾಕೋಕೆ ಹೊರಟಿದ್ದೆ, ಅವರು ಕೈ ಹಿಡಿದು ನಿಲ್ಲಿಸಿದರು. ಅದರ ಮೈಮೇಲೆ ಬಾಣದ ಗುರುತು ಇತ್ತು. ಇಂಥ ದೊಡ್ಡ ಪವರ್‌ನ ಎಷ್ಟೋ ಅಟೆನ್ಯುಯೇಟರ್‌ಗಳಲ್ಲಿ ಬಿಸಿ ತಡೆಯುವ ಭಾಗ ಒಂದೇ ಬದಿಯಲ್ಲಿರುತ್ತೆ, ತಿರುಗಿಸಿ ಹಾಕಿದರೆ ಇನ್ನೊಂದು ತುದಿಯ ಸಣ್ಣ ರೆಸಿಸ್ಟರ್‌ಗಳು ಕ್ಷಣದಲ್ಲಿ ಹೋಗುತ್ತವೆ, ಹಿಂದೆಯೇ ಸೆನ್ಸರ್ ಕೂಡ. 40 ಡೆಸಿಬೆಲ್ ಅಂದರೆ 100 ವ್ಯಾಟ್ 10 ಮಿಲಿವ್ಯಾಟ್ ಆಗಿ ಸೆನ್ಸರ್‌ಗೆ ಸೇರುತ್ತೆ. ಆ 40 ನಿಜವಾಗಿ 40.3 ಆಗಿದ್ದರೆ ಅಳತೆಯಲ್ಲಿ 7 ಪರ್ಸೆಂಟ್ ಹೋಯಿತು. ಗೆಳೆಯರು ಪ್ರತಿ ಫ್ರೀಕ್ವೆನ್ಸಿಗೂ ಅದರ ಸರಿಯಾದ ಸಂಖ್ಯೆಯನ್ನು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದರು.

ನಾನೂ ಅದನ್ನೇ ಮಾಡಿದೆ. ಅವರ ಮೀಟರ್ ಪಕ್ಕದಲ್ಲಿ ನನ್ನದನ್ನಿಟ್ಟು ಒಂದೊಂದು ಬ್ಯಾಂಡ್‌ಗೂ ಎರಡೂ ಸಂಖ್ಯೆ ಬರೆದುಕೊಂಡು, ಆ ಚೀಟಿಯನ್ನು ಮೀಟರ್ ತಲೆಗೆ ಅಂಟಿಸಿದ್ದೇನೆ. 28 ಮೆಗಾಹರ್ಟ್ಸ್‌ನಲ್ಲಿ ಮುಳ್ಳು ಈಗಲೂ 68ಕ್ಕೇ ನಿಲ್ಲುತ್ತೆ. ಚೀಟಿಯಲ್ಲಿ ಅದರ ಮುಂದೆ 92 ಅಂತ ಬರೆದಿದೆ. ಆಂಪ್ ಮೀಟರ್ 19 ತೋರಿಸುತ್ತಿದೆ, ಮುಚ್ಚಳದ ಸ್ಕ್ರೂಗಳನ್ನು ನಾನು ಮುಟ್ಟಿಲ್ಲ.