ಹಾರ್ಪ್ ಸ್ವರಲಿಪಿ ಟೈಪ್ ಮಾಡಿಸುವವರೇ, ದುಡ್ಡು ಕೊಡುವ ಮೊದಲು ಇದನ್ನು ಓದಿ

ಮಂಗಳೂರಿನಲ್ಲಿ ಹಾರ್ಪ್ ಎಂಬ ದೊಡ್ಡ ತಂತಿವಾದ್ಯಕ್ಕೆ ಸ್ವರಲಿಪಿ ಟೈಪ್ ಮಾಡಿಸುವವರು ಎಷ್ಟು ಮಂದಿ ಇದ್ದೀರೋ ಗೊತ್ತಿಲ್ಲ. ಒಬ್ಬರಿದ್ದರೂ ಸರಿ, ಓದಿ.

ಅಕ್ಕನ ಮಗಳು ಜರ್ಮನಿಯಲ್ಲಿ ಹಾರ್ಪ್ ಕಲಿಯುತ್ತಿದ್ದಾಳೆ. ಅವಳಿಗೆಂದು ನಾನೊಂದು ಧಾಟಿ ಕೂಡಿಸಿ ಕೈಯಲ್ಲೇ ಬರೆದಿದ್ದೆ. ನನಗೆ ಕೀಬೋರ್ಡ್ ನುಡಿಸಲು ಗೊತ್ತು, ಕಂಪ್ಯೂಟರ್ ಅಷ್ಟಕ್ಕಷ್ಟೆ. ಹಂಪನಕಟ್ಟೆಯ ಕಡೆ ಟೈಪ್ ಮಾಡಿಕೊಡುವವರೊಬ್ಬರ ಬಳಿ ಹೋಗಿ, ಹಾರ್ಪಿನ ಪೆಡಲ್ ಗುರುತುಗಳು ಬರುತ್ತವೆಯೇ ಎಂದು ಎರಡು ಸಲ ಕೇಳಿದೆ. "ಎಲ್ಲ ಬರುತ್ತದೆ ಮಾರಾಯರೇ. ಅದಕ್ಕೆ ಬೇರೆಯೇ ಫಾಂಟ್ ಇದೆ, ಗುರುತಿಗೆ 150 ರೂಪಾಯಿ" ಎಂದರು. 18 ಗುರುತುಗಳಿಗೆ 2,700 ರೂಪಾಯಿ. ಪೂರ್ತಿ ಮುಂಗಡವಾಗಿಯೇ ಕೊಟ್ಟೆ. ಬರೆಯಲೂ ನಾಚಿಕೆಯಾಗುತ್ತದೆ, ಪೂರ್ತಿ ಮುಂಗಡ!

ಪಿಡಿಎಫ್ ಬಂತು. ನೋಡಲು ಅಚ್ಚುಕಟ್ಟು. "ಬಹಳ ಚೆನ್ನಾಗಿದೆ" ಎಂದು ವಾಟ್ಸಾಪ್ ಮಾಡಿದೆ. ಈ ಮಾತು ನೆನಪಿಡಿ.

ಅದನ್ನು ಹುಡುಗಿಗೆ ಕಳುಹಿಸಿದೆ. ವಿಡಿಯೋ ಕರೆಯಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದವಳು ಬಾಯಿಗೆ ಕೈ ಅಡ್ಡ ಹಿಡಿದಳು. "ಮಾಮ, ಇದು ಪಿಯಾನೋ ಪೆಡಲಿನ ಗುರುತು. ಹಾರ್ಪಿಗೆ ಏಳು ಪೆಡಲ್. ಇದರಲ್ಲಿ ಯಾವುದನ್ನು ಒತ್ತಲಿ?" 18 ಕಡೆಯೂ ಗೆರೆಗಳ ಕೆಳಗೆ "ಪೆಡ್", ಪಕ್ಕದಲ್ಲೊಂದು ಹೂವಿನಂಥ ಚುಕ್ಕಿ. ನಾನೂ ಕೀಬೋರ್ಡಿನವನೇ, ನನ್ನ ಕಣ್ಣಿಗೂ ಬೀಳಲಿಲ್ಲವಲ್ಲ!

ಅವರನ್ನು ಕೇಳಿದರೆ, "ಪೆಡಲ್ ಹಾಕಿ ಎಂದಿರಿ, ಹಾಕಿದ್ದೇನೆ. ಪೆಡಲ್ ಎಂದರೆ ಪೆಡಲೇ ಅಲ್ಲವಾ?"

ಅಲ್ಲ. ಪಿಯಾನೋದಲ್ಲಿ ಅದು ನಾದವನ್ನು ಎಳೆಯುತ್ತದೆ, ಹಾರ್ಪಿನಲ್ಲಿ ಸ್ವರವನ್ನೇ ಬದಲಿಸುತ್ತದೆ. ಪೆಡಲ್ ಮೇಲಿದ್ದರೆ ಫ್ಲಾಟ್ (ಅರ್ಧ ಸ್ವರ ಇಳಿಕೆ), ನಡುವೆ ನ್ಯಾಚುರಲ್ (ಇದ್ದ ಸ್ವರವೇ), ಕೆಳಗೆ ಶಾರ್ಪ್ (ಅರ್ಧ ಸ್ವರ ಏರಿಕೆ). ಒಂದೊಂದು ಸ್ವರಕ್ಕೆ ಒಂದೊಂದು ಪೆಡಲ್: ಎಡಗಾಲಿಗೆ ಡಿ, ಸಿ, ಬಿ. ಬಲಗಾಲಿಗೆ ಇ, ಎಫ್, ಜಿ, ಎ. ಪೆಡಲ್‌ಗಳ ಸ್ಥಾನ ತೋರಿಸುವ ನಕ್ಷೆಯಲ್ಲಿ ಈ ಎರಡರ ನಡುವೆ ಒಂದು ಉದ್ದ ಗೆರೆ. ಇಷ್ಟನ್ನೂ ಕಾಗದದಲ್ಲಿ ಬರೆದು ಫೋಟೋ ಕಳುಹಿಸಿದೆ. ತಿದ್ದಿ ಬಂದದ್ದು ಎ, ಬಿ, ಸಿ, ಡಿ, ಇ, ಎಫ್, ಜಿ! "ಅಕ್ಷರಮಾಲೆಯ ಪ್ರಕಾರ ಸರಿಯಾಗಿಯೇ ಜೋಡಿಸಿದ್ದೇನೆ ಸರ್, ನಿಮ್ಮದೇ ಹಿಂದೆಮುಂದೆ ಆಗಿದೆ." ನನ್ನದೇ ಅಂತೆ.

ನಡುವೆ ಒಂದು ಬಾರ್ (ತಾಳದ ಒಂದು ಮನೆ) ಸೇರಿಸಲು ಹೇಳಿದಾಗ ಸ್ವರಗಳೆಲ್ಲ ಮುಂದೆ ಸರಿದವು, ಗುರುತುಗಳು ಅಲ್ಲೇ ಕುಳಿತಿದ್ದವು. ಫಾಂಟೂ ಇಲ್ಲ, ಮಣ್ಣೂ ಇಲ್ಲ, ಅಂಟಿಸಿದ ಚಿತ್ರ. ದುಡ್ಡು ವಾಪಸು ಕೇಳಿದ್ದಕ್ಕೆ ನನ್ನದೇ "ಬಹಳ ಚೆನ್ನಾಗಿದೆ"ಯ ಸ್ಕ್ರೀನ್‌ಶಾಟ್ ಕಳುಹಿಸಿದರು.

ಆಮೇಲೆ ಹುಡುಗಿಯೇ ತೋರಿಸಿದಳು. ಮ್ಯೂಸ್‌ಸ್ಕೋರ್ ಸ್ವರಲಿಪಿ ಬರೆಯುವ ಉಚಿತ ತಂತ್ರಾಂಶ, ಅದರ ಹೊಸ ಆವೃತ್ತಿಗಳಲ್ಲಿ ಈ ಪೆಡಲ್ ನಕ್ಷೆ ಒಳಗೇ ಇದೆ. ನಕ್ಷೆಯನ್ನು ಸ್ವರದ ಮೇಲೆ ಹಾಕಿ, ಏಳು ಪೆಡಲ್‌ಗಳನ್ನು ಕ್ಲಿಕ್ ಮಾಡಿ ಬೇಕಾದಲ್ಲಿಗೆ ಸರಿಸಿದರೆ ಮುಗಿಯಿತು. ಗುರುತಿಗೆ 150 ರೂಪಾಯಿ!

ಯಾರ ಬಳಿಯಾದರೂ ಹೋದರೆ, ಹಾರ್ಪಿನಲ್ಲಿ ಎಡಗಾಲಿಗೆ ಎಷ್ಟು ಪೆಡಲ್ ಎಂದು ಮೊದಲು ಕೇಳಿ. ಮೂರು ಎನ್ನದಿದ್ದರೆ ಎದ್ದು ಬನ್ನಿ. ಮೂಲ ಫೈಲ್ ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ, "ಚೆನ್ನಾಗಿದೆ" ಎಂದೂ ಬರೆಯಬೇಡಿ.

ಹುಡುಗಿ ತಾನೇ ತಿದ್ದಿಕೊಳ್ಳುತ್ತೇನೆ ಎಂದದ್ದಕ್ಕೆ ಆ ಮೂಲ ಫೈಲನ್ನು ಕೇಳಿದ್ದೆ. ನಿನ್ನೆ ಉತ್ತರ ಬಂತು: "ಅದಕ್ಕೆ 500 ರೂಪಾಯಿ ಬೇರೆ ಆಗುತ್ತದೆ ಸರ್."