ಗಾಯಕ್ಕೆ ಹಚ್ಚೋ ಗಿಡಮೂಲಿಕೆ ಜೆಲ್: ಕೆಲಸ ಮಾಡಿದ್ದು ಸೊಪ್ಪೋ, ಪಸೆಯೋ?

ಬೈಕಿಂದ ಜಾರಿ ಬಿದ್ದು ಮೊಣಕಾಲು ಮೊಣಕೈ ಎರಡೂ ತರಚ್ಕೊಂಡಿತ್ತು, ಆವಾಗ ತಂದ ಟ್ಯೂಬ್ ಇದು. ಲೋಳೆಸರ, ಒಂದೆಲಗ, ಅರಿಶಿನ, ಬೇವು ಅಂತ ಮುಂದ್ಗಡೆ ದೊಡ್ಡದಾಗಿ ಚಿತ್ರ ಸಮೇತ ಹಾಕಿದಾರೆ. ಮೊಣಕಾಲನ್ನ ಚೆನ್ನಾಗಿ ತೊಳ್ದು ಜೆಲ್ ಹಚ್ಚಿ ಮೇಲೆ ಬ್ಯಾಂಡೇಜ್ ಬಟ್ಟೆ ಸುತ್ತಿದೆ, ಮೊಣಕೈ ಸಣ್ಣದು ಬಿಡು ಅಂತ ಹಾಗೇ ಬಿಟ್ಟೆ. ಮೊಣಕೈ ಗಟ್ಟಿ ಹಕ್ಕಳೆ ಕಟ್ಟಿ ಮಡಚಿದಾಗೆಲ್ಲ ಬಿರುಕು ಬಿಟ್ಟು ರಕ್ತ, ಮೊಣಕಾಲು ಮಾತ್ರ ದೊಡ್ಡ ಗಾಯ ಆಗಿದ್ರೂ ಮೊದ್ಲೇ ಮಾಯ್ತು, ಬಟ್ಟೆನೂ ಅಂಟಿ ಕಿತ್ತು ಬರ್ಲಿಲ್ಲ.

ಹಂಗಂತ ಕ್ರೆಡಿಟ್ ಎಲ್ಲಾ ಗಿಡಮೂಲಿಕೆಗೇ ಕೊಡೋಕಾಗಲ್ಲ. 1962ರಲ್ಲೇ ಜಾರ್ಜ್ ವಿಂಟರ್ ಅನ್ನೋ ಸಂಶೋಧಕರು ಹಂದಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ಮುಚ್ಚಿ ತೇವವಾಗಿಟ್ಟ ಗಾಯದ ಮೇಲೆ, ಒಣಗಲು ಬಿಟ್ಟ ಗಾಯಕ್ಕಿಂತ ಸುಮಾರು ಎರಡು ಪಟ್ಟು ಬೇಗ ಹೊಸ ಚರ್ಮ ಬಂದಿತ್ತು. ಅಂದ್ರೆ ಯಾವ ಸೊಪ್ಪೂ ಇಲ್ದಿರೋ ಸಾದಾ ಜೆಲ್ ಹಚ್ಚಿ ಕಟ್ಟಿದ್ರೂ ಅರ್ಧ ಕೆಲಸ ಆಗ್ತಿತ್ತೇನೋ.

ನನ್ನ ತಕರಾರು ಲೇಬಲ್ ಬಗ್ಗೆ. ಯಾವ ಗಿಡದ ಸಾರ ಎಷ್ಟು ಪರ್ಸೆಂಟ್ ಅಂತ ಎಲ್ಲೂ ಹಾಕಿಲ್ಲ. ಒಂದೆಲಗದಲ್ಲಿರೋ ಏಷಿಯಾಟಿಕೋಸೈಡ್ ಅನ್ನೋ ಅಂಶ ಕೊಲಾಜನ್ (ಚರ್ಮಕ್ಕೆ ಗಟ್ಟಿತನ ಕೊಡೋ ಪ್ರೋಟೀನ್) ಬೆಳೆಯೋಕೆ ಸಹಾಯ ಮಾಡುತ್ತೆ ಅಂತ ಲ್ಯಾಬ್ ಪ್ರಯೋಗಗಳಲ್ಲಿ ಕಂಡಿದೆ ಸರಿ, ಆದ್ರೆ ಟ್ಯೂಬಲ್ಲಿ ಎಷ್ಟಿದೆ ಅಂತ ಗೊತ್ತಾಗದೆ ಏನ್ ಹೇಳೋದು. ಅರಿಶಿನದ ಹಳದಿ ಅಂಶ ಕರ್ಕ್ಯುಮಿನ್ ಅಂತೂ ನೀರಲ್ಲಿ ಕರಗೋದೇ ಕಷ್ಟ, ಇದು ನೀರಿನ ಜೆಲ್ಲು, ದಪ್ಪ ಬರ್ಸೋಕೆ ಕಾರ್ಬೋಮರ್ ಹಾಕಿದಾರೆ (ಅದು ಒಂದು ಪರ್ಸೆಂಟ್ ಒಳಗೇ ಸಾಕಾಗುತ್ತೆ, ನೋಡೋಕೆ ದಪ್ಪ ಇದೆ ಅಂದ್ರೆ ಸಾರ ಜಾಸ್ತಿ ಇದೆ ಅಂತಲ್ಲ). ಲೋಳೆಸರದ ಸಿಪ್ಪೆ ಕೆಳಗಿನ ಹಳದಿ ಹಾಲು ಉಳಿದ್ರೆ ಚರ್ಮ ಕೆರೆತ ಬರುತ್ತೆ, ಇದ್ರಲ್ಲಿ ಅದನ್ನ ತೆಗೆದಿದಾರೆ ಅನ್ಸುತ್ತೆ, ನಂಗೆ ಉರೀನೂ ಇಲ್ಲ ಕೆರೆತಾನೂ ಇಲ್ಲ. ಆದ್ರೂ ಮೊದ್ಲು ಗಾಯ ಇಲ್ದಿರೋ ಕಡೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ.

‘ಎಲ್ಲಾ ಥರದ ಗಾಯಕ್ಕೂ’ ಅಂತ ಬರ್ದಿರೋದು ಮಾತ್ರ ಅತಿಯಾಯ್ತು. ಆಳದ ಗಾಯ, ನಾಯಿ ಕಚ್ಚಿದ್ದು, ಕೀವು ತುಂಬಿದ್ದು, ಶುಗರ್ ಇರೋರ ಕಾಲಿನ ಹುಣ್ಣು, ಇವಕ್ಕೆಲ್ಲ ಸೀದಾ ಡಾಕ್ಟರ್ ಹತ್ರಾನೇ ಹೋಗ್ಬೇಕು. ಟಿಟಿ ಇಂಜೆಕ್ಷನ್ ಬದಲಿಗೂ ಇದಾಗಲ್ಲ.

ಐದಕ್ಕೆ ಮೂರೂವರೆ ಕೊಡ್ತೀನಿ, ಅರ್ಧ ಮಾರ್ಕ್ ಕಟ್ ಮಾಡಿದ್ದು ಸೆಂಟ್ ವಾಸನೆಗೆ, ಗಾಯಕ್ಕೆ ಹಚ್ಚೋದಕ್ಕೆ ಮಲ್ಲಿಗೆ ಘಮ ಯಾಕೆ ಬೇಕು ಮಾರಾಯ್ರೇ.