ಹಳೆಯ ಪೆಟ್ರೋಲ್ ಜೀಪಿಗೆ ಹಾಕಿಸಿದ ಎಲೆಕ್ಟ್ರಿಕ್ ಪಂಪ್: ಎರಡು ಬೇಸಿಗೆ ಕಳೆದ ಮೇಲೆ

ನಮ್ಮ ಮಹೀಂದ್ರಾ ಸಿಜೆ-3ಬಿ ಅಪ್ಪನ ಕಾಲದ ಪೆಟ್ರೋಲ್ ಜೀಪು. ಟ್ರೇಲರ್ ಕಟ್ಟಿಕೊಂಡು ಹಿರಿಯೂರು ಕಡೆಯ ತೋಟದಿಂದ ಚಿತ್ರದುರ್ಗಕ್ಕೆ ತೆಂಗಿನಕಾಯಿ ಸಾಗಿಸುವುದು ಇಂದಿಗೂ ಅದರ ಪಾಲಿನ ಕೆಲಸ. ಬೆಳಗಿನ ತಂಪಿನಲ್ಲಿ ಸೆಲ್ಫ್ (ಸ್ಟಾರ್ಟರ್) ಅರ್ಧ ತಿರುಗಿದರೇ ಏಳುತ್ತದೆ. ದುರ್ಗದಲ್ಲಿ ಕಾಯಿ ಇಳಿಸಿ, ಚಹಾ ಕುಡಿದು ಬಂದರೆ ಮಾತ್ರ ಸೆಲ್ಫ್ ತಿರುಗುತ್ತಲೇ ಇರುತ್ತಿತ್ತು, ಎಂಜಿನ್ ಏಳುತ್ತಿರಲಿಲ್ಲ. ಹಮಾಲರು ತಳ್ಳಿಕೊಟ್ಟದ್ದಕ್ಕೆ ನಾನು ಕುಡಿಸಿದ ಚಹಾದ ಖರ್ಚಿನಲ್ಲಿ ಒಂದು ಟೈರು ಬರುತ್ತಿತ್ತು.

ಕಾಯಿಲ್ ಬದಲಿಸಿದೆವು, ಕಂಡೆನ್ಸರ್ ಬದಲಿಸಿದೆವು, ಕಾರ್ಬ್ಯುರೇಟರ್ ಎರಡು ಸಲ ಬಿಚ್ಚಿ ತೊಳೆಸಿದೆವು. ಫಲವಿಲ್ಲ. ಕೊನೆಗೆ ನಮ್ಮ ಮೇಸ್ತ್ರಿ 'ಇದು ಏರ್ ಲಾಕ್', ಅಂದರೆ ಕಾವಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ದಾರಿ ಕಟ್ಟಿದೆ, ಎಂದು ತೀರ್ಪು ಕೊಟ್ಟು, ಒದ್ದೆ ಗೋಣಿಯನ್ನು ಎಸಿ ಪಂಪಿನ (ಟ್ಯಾಂಕಿನಿಂದ ಕಾರ್ಬ್ಯುರೇಟರಿಗೆ ಪೆಟ್ರೋಲ್ ಎಳೆದುಕೊಡುವ, ಎಂಜಿನ್ನಿನಿಂದಲೇ ಓಡುವ ಪಂಪು) ಮೇಲೆ ಹೊದಿಸಿದರು. ಐದು ನಿಮಿಷಕ್ಕೆ ಜೀಪು ಎದ್ದಿತು. ಈ ಎಂಜಿನ್ನಿನಲ್ಲಿ ಎಸಿ ಪಂಪ್ ಇರುವುದು ಬಿಸಿ ಹೊಗೆ ಹೊರಹೋಗುವ ಸೈಲೆನ್ಸರ್ ಮ್ಯಾನಿಫೋಲ್ಡ್ ಇರುವ ಬದಿಯಲ್ಲೇ. ಕಾವಿನ ಪಕ್ಕದಲ್ಲಿ ಕುಳಿತು ಟ್ಯಾಂಕಿನಿಂದ ಪೆಟ್ರೋಲ್ ಎಳೆಯಬೇಕು. ಎಳೆಯುವಾಗ ಪೈಪಿನಲ್ಲಿ ಒತ್ತಡ ಇಳಿಯುತ್ತದೆ, ಒತ್ತಡ ಇಳಿದರೆ ಪೆಟ್ರೋಲ್ ಇನ್ನೂ ಬೇಗ ಆವಿಯಾಗುತ್ತದೆ. ಅದೇ ಪಂಪನ್ನು ಟ್ಯಾಂಕಿನ ಬಳಿ ಇಟ್ಟು ತಳ್ಳಿಸಿದರೆ ಈ ತೊಂದರೆ ಕಡಿಮೆ. 12 ವೋಲ್ಟಿನ ಎಲೆಕ್ಟ್ರಿಕ್ ಪಂಪ್ ಕೊಂಡದ್ದು ಹೀಗೆ.

ಮೊದಲ ವಾರ ಖುಷಿಯೋ ಖುಷಿ. ಹೆದ್ದಾರಿಯ ಏರಿನಲ್ಲಿ ಉಸಿರು ಕಟ್ಟಿದಂತೆ ಜಗ್ಗುತ್ತಿದ್ದದ್ದು ನಿಂತೇಹೋಯಿತು. ಎರಡು ವರ್ಷವಾದರೂ ಆ ಲಾಭ ಹಾಗೇ ಇದೆ, ಪಂಪ್ ಒಮ್ಮೆಯೂ ಕೈಕೊಟ್ಟಿಲ್ಲ. ಕೀಲಿ ತಿರುಗಿಸಿದೊಡನೆ ಟಕಟಕ ಸದ್ದು. ಅಮ್ಮ ಈಗಲೂ 'ಸೀಟಿನ ಕೆಳಗೆ ಏನೋ ಸೇರಿಕೊಂಡಿದೆ' ಎನ್ನುತ್ತಾರೆ.

ಆದರೆ ಚಹಾ ಕುಡಿದು ಬಂದ ಮೇಲಿನ ಕಾಟ ಹೋಗಲಿಲ್ಲ, ಹೆಚ್ಚಾಯಿತು. ಏರ್ ಫಿಲ್ಟರ್ ತೆಗೆದು ಕಾರ್ಬ್ಯುರೇಟರಿನ ಬಾಯಿ ನೋಡಿದರೆ ಒಳಗೆಲ್ಲ ಪೆಟ್ರೋಲ್ ವಾಸನೆ, ಬಿಚ್ಚಿದ ಪ್ಲಗ್ಗುಗಳು ಒದ್ದೆ. ಎಂಜಿನ್ ಏಳದೆ ಇದ್ದದ್ದು ಪೆಟ್ರೋಲ್ ಬರದೆ ಅಲ್ಲ, ವಿಪರೀತ ಬಂದು! ಕಾರಣ ಎರಡು. ಪಂಪಿನ ಡಬ್ಬಿಯ ಮೇಲೆ ಒತ್ತಡ 4ರಿಂದ 7 ಪಿಎಸ್‌ಐ ಎಂದಿತ್ತು. ಹಳೆಯ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಒಳಬರುವುದನ್ನು ತಡೆಯುವ ಸೂಜಿ ವಾಲ್ವಿಗೆ ಮೂರರ ಆಸುಪಾಸು ಸಾಕು. ಮಾರಿದ ಅಂಗಡಿಯವರು ಒತ್ತಡ ತಗ್ಗಿಸುವ ರೆಗ್ಯುಲೇಟರಿನ ಮಾತನ್ನೇ ಎತ್ತಲಿಲ್ಲ. ಎರಡನೆಯದು, ಎಂಜಿನ್ ಆರಿಸಿದೊಡನೆ ಫ್ಯಾನ್ ನಿಲ್ಲುತ್ತದೆ, ನೀರಿನ ಓಟವೂ ನಿಲ್ಲುತ್ತದೆ, ಬ್ಲಾಕಿನ ಕಾವು ಮೇಲೇರುತ್ತದೆ. ಕಾರ್ಬ್ಯುರೇಟರ್ ಕೂತಿರುವುದು ಹೆಡ್ಡಿನ ನೆತ್ತಿಯ ಮೇಲೆ. ಅದರ ಬಟ್ಟಲಿನ ಪೆಟ್ರೋಲ್ ಕುದಿದು ಒಳಗೆ ತೊಟ್ಟಿಕ್ಕುತ್ತದೆ. ಆರಿಸಿದ ತಕ್ಷಣ ಏಳುತ್ತದೆ, ಒಂದೆರಡು ಗಂಟೆ ಬಿಟ್ಟರೂ ಏಳುತ್ತದೆ, ನಡುವಿನ ಆ ಇಪ್ಪತ್ತು ನಿಮಿಷವೇ ಶನಿಕಾಟ. ಶೇ 20ರಷ್ಟು ಎಥನಾಲ್ ಬೆರೆತ ಈಗಿನ ಪೆಟ್ರೋಲು ಬಂದ ಮೇಲಂತೂ ಹಳೆಯ ರಬ್ಬರ್ ಪೈಪುಗಳೂ ಉಬ್ಬಿ ಮೆತ್ತಗಾದವು. ಅವನ್ನೂ ಬದಲಿಸಬೇಕಾಯಿತು.

ರೆಗ್ಯುಲೇಟರ್ ಹಾಕಿಸಿದೆ. ಕಾರ್ಬ್ಯುರೇಟರಿನ ಅಡಿಗೆ, ಕಾವು ಮೇಲೇರದಂತೆ ತಡೆಯಲು, ಬೆರಳು ದಪ್ಪದ ಬೇಕಲೈಟ್ ತುಂಡು ಕೊರೆಸಿ, ಉದ್ದದ ಸ್ಟಡ್ ಕೊಟ್ಟು ಕೂರಿಸಿದೆವು. ಬಾನೆಟ್ ತಾಗುತ್ತದೆಯೇ ಎಂದು ಮೊದಲೇ ಅಳೆಯಿರಿ, ನಾವು ಅಳೆಯದೆ ಏರ್ ಫಿಲ್ಟರಿನ ಮುಚ್ಚಳ ಜಜ್ಜಿಕೊಂಡೆವು. ಪಂಪಿನ ಬೆಲೆಯ ಕಾಲು ಭಾಗವೂ ಆಗದ ಈ ತುಂಡೇ ನಿಜವಾಗಿ ಕೆಲಸ ಮಾಡಿದ್ದು. ಈಗ ಬಿಸಿಲಲ್ಲಿ ನಿಲ್ಲಿಸಿ ಬಂದರೆ ಚೋಕ್ ಮುಟ್ಟುವುದಿಲ್ಲ, ಆಕ್ಸಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯುತ್ತೇನೆ. ಪದೇ ಪದೇ ತುಳಿದರೆ ಇನ್ನಷ್ಟು ಪೆಟ್ರೋಲ್ ಸುರಿದಂತೆ.

ಪಂಪಿಗೆ ಐದರಲ್ಲಿ ಮೂರು ಅಂಕ. ಅಪಘಾತವಾಗಿ ಎಂಜಿನ್ ನಿಂತರೂ ಕೀಲಿ ತಿರುಗಿರುವಷ್ಟು ಹೊತ್ತು ಪಂಪ್ ಪೆಟ್ರೋಲ್ ಚೆಲ್ಲುತ್ತಲೇ ಇರುತ್ತದೆ. ಎಂಜಿನ್ ನಿಂತು ಆಯಿಲ್ ಒತ್ತಡ ಇಳಿದೊಡನೆ ಪಂಪಿನ ಕರೆಂಟ್ ಕಡಿಯುವ ಸ್ವಿಚ್ಚನ್ನು ನಾನೇ ಬೇರೆಯಾಗಿ ಹಾಕಿಸಬೇಕಾಯಿತು. ಹೆಚ್ಚಾದ ಪೆಟ್ರೋಲನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಪೈಪ್ ಹಾಕಿಸುವುದು ಇನ್ನೂ ಬಾಕಿ. ಏಪ್ರಿಲ್ ಬರುವುದರೊಳಗೆ ಮೇಸ್ತ್ರಿ ಬಿಡುವು ಮಾಡಿಕೊಳ್ಳಬೇಕು.